ಘಟನೆಯನ್ನು ಬರೆದಿಟ್ಟವರು ಯಾರು?

ಮಾಹಿತಿ ವ್ಯವಸ್ಥೆ ಕಟ್ಟುವವರ ಮುಂದೆ ಎರಡು ದಾರಿಗಳಿವೆ. ಈಗ ಏನಿದೆ ಎಂಬುದನ್ನು ಬರೆದಿಟ್ಟು, ಬದಲಾದಾಗಲೆಲ್ಲ ಹಳೆಯದನ್ನು ಅಳಿಸಿ ತಿದ್ದುವುದು ಒಂದು. ಏನೇನು ನಡೆಯಿತು ಎಂಬುದನ್ನು ಒಂದರ ಕೆಳಗೊಂದು ದಾಖಲಿಸುತ್ತ ಹೋಗಿ, ಈಗಿನ ಸ್ಥಿತಿಯನ್ನು ಅದರಿಂದಲೇ ಲೆಕ್ಕಹಾಕಿ ತೆಗೆಯುವುದು ಇನ್ನೊಂದು. 1976ರಲ್ಲಿ ಪೀಟರ್ ಚೆನ್ ಮಂಡಿಸಿದ ಎಂಟಿಟಿ-ರಿಲೇಶನ್‌ಶಿಪ್ ಮಾದರಿ ಮೊದಲನೆಯದಕ್ಕೆ ಶಾಸ್ತ್ರದ ಬಲ ಕೊಟ್ಟಿತು. ನಮ್ಮ ಕಾಲೇಜುಗಳ ಪಾಠವೂ ಹೆಚ್ಚಾಗಿ ಅದೇ. ಎರಡನೆಯದೂ ನಿನ್ನೆ ಮೊನ್ನೆಯದಲ್ಲ. 1982ರಲ್ಲಿ ವಿಲಿಯಂ ಮೆಕಾರ್ಥಿ ಲೆಕ್ಕಪತ್ರವನ್ನು ಆರ್ಥಿಕ ಘಟನೆಗಳ ಸುತ್ತ ಕಟ್ಟಬಹುದೆಂದು ತೋರಿಸಿದರು. 1986ರಲ್ಲಿ ಕೊವಾಲ್ಸ್ಕಿ ಮತ್ತು ಸೆರ್ಗೊಟ್ ಘಟನೆಗಳಿಗೇ ಒಂದು ತರ್ಕ ರೂಪಿಸಿದರು. ಗ್ರೆಗ್ ಯಂಗ್ ಪ್ರಚಾರಕ್ಕೆ ತಂದ ಇವೆಂಟ್ ಸೋರ್ಸಿಂಗ್, ಆಲ್ಬರ್ಟೊ ಬ್ರಾಂಡೊಲಿನಿ ಅವರ ಇವೆಂಟ್ ಸ್ಟಾರ್ಮಿಂಗ್, ಆಡಮ್ ಡಿಮಿಟ್ರುಕ್ ಅವರ ಇವೆಂಟ್ ಮಾಡೆಲಿಂಗ್ ಈ ಶತಮಾನದ ಕೊಂಬೆಗಳು. ಘಟನೆಯನ್ನು ನೆಚ್ಚುವ ಈ ಪಂಥದ ಮೂಲ ಒಳನೋಟ ಸರಿಯಾದದ್ದು. ಆದರೆ ಘಟನೆ ಮತ್ತು ಘಟನೆಯ ದಾಖಲೆ ಒಂದೇ ಎಂಬಂತೆ ಅದು ನಡೆದುಕೊಳ್ಳುತ್ತದೆ. ಅದರ ದೌರ್ಬಲ್ಯ ಇರುವುದು ಇಲ್ಲಿಯೇ, ಮತ್ತು ಅದನ್ನು ಕಾಣಲು ಕರ್ನಾಟಕದ ಜಮೀನು ದಾಖಲೆಗಳಿಗಿಂತ ಒಳ್ಳೆಯ ಜಾಗ ಸಿಗಲಾರದು.

ಪಹಣಿ ಸ್ಥಿತಿಯ ದಾಖಲೆ: ಈ ಸರ್ವೆ ನಂಬರು ಇಂದು ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಗುಂಟೆ, ಯಾವ ಬ್ಯಾಂಕಿನ ಸಾಲವಿದೆ. ಅದರ ಬೆನ್ನಿಗಿರುವುದು ಮ್ಯುಟೇಶನ್ ರಿಜಿಸ್ಟರ್, ಅಂದರೆ ಎಂ.ಆರ್. ಕ್ರಯ, ದಾನ, ವಿಭಾಗ, ಪೌತಿ, ಹೀಗೆ ಹಕ್ಕು ಕೈ ಬದಲಾದ ಒಂದೊಂದು ಸಂಗತಿಗೂ ಅಲ್ಲಿ ಒಂದು ನಂಬರು. ಪಹಣಿಯಲ್ಲಿ ಮಾಲೀಕರ ಹೆಸರಿನ ಜೊತೆಗೆ ಈ ನಂಬರೂ ಇರುತ್ತದೆ. ವ್ಯಾಜ್ಯ ಬಂದಾಗ ವಕೀಲರು ಪಹಣಿಯಷ್ಟಕ್ಕೇ ನಿಲ್ಲದೆ ಎಂ.ಆರ್. ನಕಲು ಕೇಳುವುದು ಅದಕ್ಕಾಗಿಯೇ. ಕಂದಾಯ ಇಲಾಖೆಯನ್ನು ಹೊಗಳುವ ಸಂದರ್ಭಗಳು ಕಡಿಮೆ, ಇದು ಅಂಥದ್ದೊಂದು: ಸ್ಥಿತಿಗೆ ಅದನ್ನು ತಂದ ಘಟನೆಯೇ ಆಧಾರ ಎಂಬ ಪಾಠ ಕಂಪ್ಯೂಟರ್ ಬರುವ ಮೊದಲೇ ತಾಲ್ಲೂಕು ಕಚೇರಿಯಲ್ಲಿತ್ತು.

ತೊಡಕು ಶುರುವಾಗುವುದು ಪೌತಿ ಖಾತೆಯಲ್ಲಿ. ಜಮೀನಿನ ಯಜಮಾನ ತೀರಿಕೊಂಡ ಕ್ಷಣದಲ್ಲೇ ವಾರಸುದಾರರಿಗೆ ಹಕ್ಕು ಹುಟ್ಟುತ್ತದೆ. ಹಕ್ಕು ಪಡೆದವರು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 128ನೇ ಕಲಮು ಹೇಳುತ್ತದೆ. ನಡೆಯುವುದೇ ಬೇರೆ. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದು, ಮೊಮ್ಮಕ್ಕಳು ಸಾಲಕ್ಕೋ ಪರಿಹಾರಕ್ಕೋ ಅಲೆಯುವಾಗ ಅರ್ಜಿ ಹೊರಡುತ್ತದೆ. ಘಟನೆ ನಡೆದದ್ದು ಒಂದು ಕಾಲ, ವ್ಯವಸ್ಥೆಗೆ ತಿಳಿದದ್ದು ಇನ್ನೊಂದು ಕಾಲ. ನಡುವೆ ಎರಡು ತಲೆಮಾರು. ಇವೆಂಟ್ ಸ್ಟಾರ್ಮಿಂಗ್‌ನಲ್ಲಿ ಗೋಡೆಯ ಮೇಲಿನ ಒಂದೇ ಕಾಲರೇಖೆಗೆ ಘಟನೆಗೊಂದರಂತೆ ಕಿತ್ತಳೆ ಚೀಟಿ ಅಂಟಿಸುತ್ತ ಹೋಗುವ ವಿನ್ಯಾಸಕಾರರು ಈ ಚೀಟಿಯನ್ನು ಎಲ್ಲಿ ಅಂಟಿಸಬೇಕು? ಸಾವಿನ ದಿನಕ್ಕೆ ಅಂಟಿಸಿದರೆ, ಅಷ್ಟು ಕಾಲ ಕಚೇರಿ ಏನನ್ನು ನಂಬಿ ಆದೇಶ ಕೊಟ್ಟಿತು ಎಂಬುದು ಮರೆಯಾಗುತ್ತದೆ. ಅರ್ಜಿಯ ದಿನಕ್ಕೆ ಅಂಟಿಸಿದರೆ ಹಕ್ಕಿನ ಹುಟ್ಟೇ ತಪ್ಪಾಗುತ್ತದೆ.

ಎರಡು ಕಾಲಗಳ ಮಾತು ಹಳೆಯದು ಎಂದು ಆಕ್ಷೇಪಿಸಬಹುದು. ನಿಜ, ರಿಚರ್ಡ್ ಸ್ನಾಡ್‌ಗ್ರಾಸ್ ಮತ್ತಿತರರು 1980ರ ದಶಕದಲ್ಲೇ ಇವೆರಡನ್ನೂ ಬೇರ್ಪಡಿಸಿದ್ದರು, 2011ರ ಎಸ್‌ಕ್ಯೂಎಲ್ ಮಾನಕದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಆದರೆ ಅದು ಡೇಟಾಬೇಸ್ ಪಂಡಿತರ ಸಾಧನೆ. ಗೋಡೆಯ ಮೇಲಿನ ಮಾದರಿಗೆ ಇಳಿದದ್ದು ಕಡಿಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಒಂದಿದೆ: ಘಟನೆಗಳನ್ನು ಸಾಲಾಗಿ ದಾಖಲಿಸುವ ಲಾಗ್‌ನಲ್ಲಿ ಏನನ್ನೂ ಅಳಿಸುವುದಿಲ್ಲ, ತಪ್ಪಾದರೆ ತಿದ್ದುವ ಘಟನೆಯೊಂದು ಸೇರುತ್ತದೆ, ಹಾಗಿದ್ದ ಮೇಲೆ ಭಯವೇಕೆ? ಉತ್ತರ ಇಷ್ಟೇ: ಅಳಿಸಲಾಗದ್ದೆಲ್ಲ ನಿಜವಾಗಿರಬೇಕಿಲ್ಲ. ಗಂಗರ ಮಡಿಕೇರಿ ತಾಮ್ರಪಟವನ್ನೇ ನೋಡಿ, ಅದರಲ್ಲಿ ಕೊರೆದ ವರ್ಷ 388. ಶಕವೆಂದು ಹಿಡಿದರೆ ಕ್ರಿ.ಶ. 466. ಲಿಪಿ ಮಾತ್ರ ಅದಕ್ಕಿಂತ ಶತಮಾನಗಳಷ್ಟು ಈಚಿನದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಕಟ್ಟಿದ ಬಿ.ಎಲ್. ರೈಸ್ ಗಂಗರ ತಾಮ್ರಪಟಗಳ ಪರ ವಾದಿಸಿದರೆ, ಶಾಸನತಜ್ಞ ಫ್ಲೀಟ್ ಅವುಗಳಲ್ಲಿ ಹಲವನ್ನು ಕೂಟಶಾಸನಗಳೆಂದು, ಅಂದರೆ ನಕಲಿಯೆಂದು, ತಳ್ಳಿಹಾಕಿದರು. ತಾಮ್ರಕ್ಕಿಂತ ಬದಲಾಗದ ಲಾಗ್ ಉಂಟೇ? ವಾದ ನಡೆಯಲು ಸಾಧ್ಯವಾದದ್ದು ಹೇಳಿದ ಕಾಲ, ಬರೆದ ಕಾಲ ಎರಡನ್ನೂ ಬೇರೆಬೇರೆಯಾಗಿ ಓದುವ ಶಿಸ್ತು ಶಾಸನಜ್ಞರಿಗಿದ್ದುದರಿಂದ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಸಂಪುಟಗಳನ್ನು 1972ರಿಂದ ತಂದ, ಮೈಸೂರಿನ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಗೂ ಅದೇ ಊರಿನ ಸಾಫ್ಟ್‌ವೇರ್ ಕ್ಯಾಂಪಸ್ಸುಗಳಿಗೂ ಈ ವಿಷಯದಲ್ಲಿ ಮಾತುಕತೆ ನಡೆದರೆ ಲಾಭ ಎರಡನೆಯವರಿಗೇ ಹೆಚ್ಚು.

'ಭೂಮಿ' ಯೋಜನೆಯನ್ನು ನೋಡಿದರೆ ಇದು ಪಂಡಿತರ ಚರ್ಚೆ ಮಾತ್ರವಲ್ಲವೆಂದು ತಿಳಿಯುತ್ತದೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಆ ಯೋಜನೆ ಹೊರಟದ್ದು ಸ್ಥಿತಿಯಿಂದ, ಹಳೆಯ ಎಂ.ಆರ್. ಪುಸ್ತಕಗಳು ಬಹುಕಾಲ ರೆಕಾರ್ಡ್ ರೂಮಿನಲ್ಲೇ ಉಳಿದವು. ಕೈಬರಹದ ಪಹಣಿಯ ತಪ್ಪೂ ಅಧಿಕೃತ ಆರಂಭವಾಯಿತು. ಆದರೆ ಅದರ ನಿಜವಾದ ಸುಧಾರಣೆ ಇರುವುದು ಬೇರೆ ಕಡೆ. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ತಂತ್ರಾಂಶವೇ ಕಟ್ಟಿಹಾಕಿತು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಾಯಿತು. ಘಟನೆಗಳ ಸರದಿ ಯಾರ ಕೈಯಲ್ಲಿದೆ, ಬರೆದವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿತ್ತು. ಮಾದರಿಯ ಪಠ್ಯಗಳಲ್ಲಿ ಸಾಮಾನ್ಯವಾಗಿ ಇವು ಭದ್ರತೆಯ ಅಧ್ಯಾಯಕ್ಕೆ ತಳ್ಳಲ್ಪಡುವ ಪ್ರಶ್ನೆಗಳು.

ಘಟನೆಗಳನ್ನೆಲ್ಲ ಬರೆದಿಡುವ ಈ ಭಾರ ಎಲ್ಲದಕ್ಕೂ ಬೇಕಿಲ್ಲ. 2012ರಲ್ಲಿ ಮೈಸೂರಿನ ನಗರ ಸಾರಿಗೆ ಬಸ್ಸುಗಳಿಗೆ ಬಂದ ಜಿಪಿಎಸ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ: ನಿಲ್ದಾಣದಲ್ಲಿ ಕಾದವರಿಗೆ ಬೇಕಾದದ್ದು ಬಸ್ಸು ಈಗ ಎಲ್ಲಿದೆ ಎಂಬುದಷ್ಟೇ. ಹಕ್ಕು, ಹಣ, ಹೊಣೆ ಇರುವ ಕಡೆ ಮಾತ್ರ ಘಟನೆಯ ಮಾದರಿ ತನ್ನ ಖರ್ಚಿಗೆ ತಕ್ಕ ಫಲ ಕೊಡುತ್ತದೆ. ಅಲ್ಲಿಯೂ ಆ ಪಂಥ ತನ್ನ ಲಾಗ್‌ಗೆ 'ಸತ್ಯದ ಏಕೈಕ ಮೂಲ' ಎಂಬ ಬಿರುದು ಕೊಡುವುದು ಅತಿಯಾಯಿತು. ಭೂ ಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ ದಾಖಲೆಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ, ಇಲ್ಲವೇ ಕಾನೂನಿನಂತೆ ಹೊಸ ನಮೂದು ಬರುವವರೆಗೆ ಮಾತ್ರ ನಿಜವೆಂದು ಭಾವಿಸತಕ್ಕದ್ದು. ಲಾಗ್‌ಗೂ ಅಷ್ಟು ಸ್ಥಾನ ಸಾಕು.