ಗುಲಾಬಿಯ ರೇಖೆ, ರಾಗಿಯ ಲೆಕ್ಕ

ನಾವು ಓದುವ ಕಾಲಕ್ಕೆ ಅರ್ಥಶಾಸ್ತ್ರ ಎಂದರೆ ಮೊದಲು ಮೂರು ವ್ಯಾಖ್ಯೆ: ಆಡಂ ಸ್ಮಿತ್‌ನದು ಸಂಪತ್ತು, ಮಾರ್ಷಲ್‌ನದು ಕಲ್ಯಾಣ, ರಾಬಿನ್ಸ್‌ನದು ಕೊರತೆ. ಮೇಷ್ಟ್ರು ನೋಟ್ಸ್ ಹೇಳೋರು, ನಾವು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆವು. ವ್ಯಾಖ್ಯೆಗಳು ಮುಗಿಯುವ ಹೊತ್ತಿಗೆ ಗಣೇಶನ ಹಬ್ಬ ಬಂದಿರುತ್ತಿತ್ತು. ಹೀಗಾಗಿ, ಮೊದಲ ವರ್ಷದ ಬಿ.ಕಾಂ. ಓದುತ್ತಿರುವ ಮಗಳ ಪಕ್ಕ ಕೂತು ಎಂಐಟಿಯ ‘14.01’ ನೋಡತೊಡಗಿದಾಗ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು.

ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಇಡುವುದಾಗಿ 2001ರಲ್ಲಿ ಘೋಷಿಸಿತು. ‘ಓಪನ್‌ಕೋರ್ಸ್‌ವೇರ್’ ಎಂಬ ಆ ಉಗ್ರಾಣದಲ್ಲಿ 14.01 ಎಂದರೆ ಸೂಕ್ಷ್ಮ ಅರ್ಥಶಾಸ್ತ್ರದ ಮೊದಲ ಮೆಟ್ಟಿಲು. ಜೊನಾಥನ್ ಗ್ರೂಬರ್ 2010ರಲ್ಲಿ ಮಾಡಿದ ಪಾಠಗಳ ವಿಡಿಯೋ, ಲೆಕ್ಕಗಳು, ಅವುಗಳ ಉತ್ತರ, ಹಳೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ, ಎಲ್ಲವನ್ನೂ ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಿಗಾಗಿ ಜೋಡಿಸಿಟ್ಟಿದ್ದಾರೆ. ಶುಲ್ಕವಿಲ್ಲ, ಹಾಜರಿಯಿಲ್ಲ, ಸರ್ಟಿಫಿಕೇಟೂ ಇಲ್ಲ.

ಗ್ರೂಬರ್ ಒಳ್ಳೆಯ ಮೇಷ್ಟ್ರು, ಅದರಲ್ಲಿ ಅನುಮಾನವಿಲ್ಲ. ವ್ಯಾಖ್ಯೆಗಳ ಗೋಜಿಗೆ ಹೋಗದೆ ಕೊರತೆಯಿಂದ ಶುರು ಮಾಡಿ, ಮೊದಲ ಪಾಠದಲ್ಲೇ ಗುಲಾಬಿ ಹೂವಿನ ಮಾರುಕಟ್ಟೆಗೆ ಬಂದುಬಿಡುತ್ತಾರೆ. ಬೇಡಿಕೆಯ ರೇಖೆ ಕೆಳಕ್ಕೆ, ಪೂರೈಕೆಯ ರೇಖೆ ಮೇಲಕ್ಕೆ, ಅವು ಕೂಡುವಲ್ಲಿ ಸಮತೋಲನ ಬೆಲೆ. ಅಲ್ಲಿಂದ ನೇರ ಮೂತ್ರಪಿಂಡಕ್ಕೆ ಜಿಗಿತ. 1999ರಲ್ಲಿ ಯಾರೋ ಒಬ್ಬರು ಇ-ಬೇ ತಾಣದಲ್ಲಿ ಕಿಡ್ನಿಯನ್ನು ಹರಾಜಿಗಿಟ್ಟಿದ್ದರು; ಕಂಪನಿಯವರು ತಡೆಯುವಷ್ಟರಲ್ಲಿ ಕೂಗು 57 ಲಕ್ಷ ಡಾಲರಿಗೆ ಏರಿತ್ತು. ಬೆಲೆ ಏಕೆ ಅಷ್ಟಾಯಿತು ಎನ್ನುವುದು ಒಂದು ಪ್ರಶ್ನೆ, ಕಿಡ್ನಿ ಮಾರಬಹುದೇ ಎನ್ನುವುದು ಬೇರೆಯದೇ ಪ್ರಶ್ನೆ. ನಮಗೆ ‘ವಾಸ್ತವಿಕ ವಿಜ್ಞಾನ, ಆದರ್ಶ ವಿಜ್ಞಾನ’ ಎಂದು ಐದು ಅಂಕಕ್ಕೆ ಬಾಯಿಪಾಠ ಮಾಡಿಸಿದ್ದ ಭೇದ ಇಲ್ಲಿ ಕೆಲವೇ ನಿಮಿಷದಲ್ಲಿ ಮನಸ್ಸಿಗೆ ನಾಟುತ್ತದೆ.

ಮಗಳು ಇದನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಿದ್ದಳು. ಗ್ರೂಬರ್ ಮಾತು ಮೊದಲೇ ರೈಲಿನಂತೆ. ಆದರೂ ಅವಳು ಎಲ್ಲದಕ್ಕೂ ತಲೆ ಆಡಿಸುತ್ತಿದ್ದಳು. ನಾನು ಲ್ಯಾಪ್‌ಟಾಪ್ ಮಡಚಿ ಕೇಳಿದೆ, “ಗುಲಾಬಿ ಬೆಲೆ ಏರಿದರೆ ಬೇಡಿಕೆ ರೇಖೆ ಎತ್ತ ಸರಿಯುತ್ತಮ್ಮ?”

“ಎಡಕ್ಕೆ.”

ತಪ್ಪು. ಬೆಲೆ ಬದಲಾದರೆ ರೇಖೆ ಕದಲುವುದಿಲ್ಲ. ಅದೇ ರೇಖೆಯ ಮೇಲೆ ನಾವು ಮೇಲೆ ಕೆಳಗೆ ಓಡಾಡುತ್ತೇವೆ, ಅಷ್ಟೇ. ಗ್ರೂಬರ್ ಇದನ್ನು ಸ್ಪಷ್ಟವಾಗಿಯೇ ಹೇಳಿದ್ದರು, ಅವಳು ಕೇಳಿಯೂ ಇದ್ದಳು. ಅವಳು ಬಿಡಲಿಲ್ಲ: “ಫೆಬ್ರುವರಿ 14ಕ್ಕೆ ಗುಲಾಬಿ ರೇಟೂ ಜಾಸ್ತಿ, ಮಾರಾಟಾನೂ ಜಾಸ್ತಿ. ಹಾಗಾದ್ರೆ ನಿಯಮಾನೇ ಸುಳ್ಳಾ ಅಪ್ಪಾ?” ಈ ಪ್ರಶ್ನೆಯ ಬೆನ್ನು ಹತ್ತಿ ಅರ್ಧ ಗಂಟೆ ಹೋಯಿತು. ಹೆಬ್ಬಾಳದ ಹೂ ಹರಾಜು ಕೇಂದ್ರದ ಗಡಿಯಾರವನ್ನು ಹಾಳೆಯ ಮೇಲೆ ಬರೆದೆವು. ಅಲ್ಲಿ ಬೆಲೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಯಾರು ಎಷ್ಟಕ್ಕೆ ಒತ್ತಲು ತಯಾರಿದ್ದಾರೆ ಎಂಬುದನ್ನು ಸಾಲಾಗಿ ಇಟ್ಟರೆ ಅದೇ ಬೇಡಿಕೆಯ ರೇಖೆ. ಪ್ರೇಮಿಗಳ ದಿನ ಹತ್ತಿರ ಬಂದಾಗ ಎಲ್ಲರೂ ಮೊದಲಿಗಿಂತ ಬೇಗ ಒತ್ತುತ್ತಾರೆ, ಇಡೀ ರೇಖೆಯೇ ಬಲಕ್ಕೆ ಸರಿಯುತ್ತದೆ. ಅವಳಿಗೆ ಆಗ ಹತ್ತಿತು.

ನನ್ನ ತಕರಾರು ಇರುವುದು ಇಲ್ಲಿ. ಕೋರ್ಸ್‌ನಲ್ಲಿ ಎಲ್ಲ ಇದೆ, ಪಾಠ ಒಪ್ಪಿಸಿಕೊಳ್ಳುವವರಿಲ್ಲ. ವಿಡಿಯೋದಲ್ಲಿ ಗ್ರೂಬರ್ ಪ್ರಶ್ನೆ ಹಾಕಿ ಒಂದು ಕ್ಷಣ ನಿಲ್ಲುತ್ತಾರೆ. ಎದುರಿಗಿದ್ದವರಿಗೆ ಆ ಕ್ಷಣದಲ್ಲಿ ಎದೆ ಢವಢವ ಅಂದಿರುತ್ತದೆ, ನಾವು ಮಾತ್ರ ಚಹಾ ಗುಟುಕರಿಸುತ್ತಿರುತ್ತೇವೆ. ಲೆಕ್ಕಗಳಿಗೆ ಕೂತರೂ ಅದೇ ಕಥೆ: ಉತ್ತರದ ಕಡತ ಪಕ್ಕದಲ್ಲೇ ತೆರೆದಿರುತ್ತದೆ, ಮೂರನೆಯ ಸಾಲಿಗೆ ಸಿಕ್ಕಿಕೊಂಡರೆ ಕಣ್ಣು ತಾನಾಗಿ ಅತ್ತ ಹೊರಳುತ್ತದೆ.

ತುಷ್ಟಿಗುಣದ ಪಾಠದಲ್ಲಿ ಪಿಜ್ಜಾ ಮತ್ತು ಸಿನಿಮಾ ಉದಾಹರಣೆ. ಎರಡರ ಸಂಖ್ಯೆಯನ್ನು ಗುಣಿಸಿ ವರ್ಗಮೂಲ ತೆಗೆದರೆ ತೃಪ್ತಿಯ ಅಳತೆ. ನಾಲ್ಕು ಪಿಜ್ಜಾ ಒಂದು ಸಿನಿಮಾ, ಎರಡು ಎರಡು, ಒಂದು ನಾಲ್ಕು, ಮೂರರಲ್ಲೂ ತೃಪ್ತಿ ಎರಡೇ. ಮೂರನ್ನೂ ಸೇರಿಸಿದರೆ ಔದಾಸೀನ್ಯ ವಕ್ರರೇಖೆ. ಪಿಜ್ಜಾ ಬೇಡವೆಂದು ನಾವು ಇಡ್ಲಿ–ಚಟ್ನಿ ಹಾಕಿ ನೋಡಿದೆವು, ಲೆಕ್ಕ ಕೆಟ್ಟಿತು. ಇಡ್ಲಿ ಬಿಟ್ಟುಕೊಟ್ಟು ನಾಲ್ಕು ಬಟ್ಟಲು ಚಟ್ನಿ ತೆಗೆದುಕೊಳ್ಳುವವರು ಯಾರು? ಜೋಡಿಯಾಗಿಯೇ ಬೇಕಾದ ಸರಕುಗಳಿಗೆ ರೇಖೆ ಬಾಗುವುದಿಲ್ಲ, ಗೋಡೆಯ ಮೂಲೆಯಂತೆ ಮಡಚಿಕೊಳ್ಳುತ್ತದೆ. ಇದು ಪಠ್ಯದಲ್ಲಿ ಇರುವ ಸಂಗತಿಯೇ. ಆದರೆ ನಮಗೆ ಸಿಕ್ಕಿದ್ದು ಲೆಕ್ಕ ಕೆಡಿಸಿಕೊಂಡ ಮೇಲೆ.

ಪಾಠ ಒಪ್ಪಿಸಿಕೊಳ್ಳುವ ವಿಷಯದಲ್ಲಿ ನಮ್ಮ ದೇಶದ ಆನ್‌ಲೈನ್ ‘ಸ್ವಯಂ’, ಎನ್‌ಪಿಟೆಲ್ ಕೋರ್ಸ್‌ಗಳು ಮೇಲೋ ಎಂದು ಯೋಚಿಸಿದೆ. ಎನ್‌ಪಿಟೆಲ್‌ನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್, ಗಡುವು, ಕೊನೆಗೆ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ. ಅಂಕದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಗಡುವಿನ ಹೆದರಿಕೆಗಾದರೂ ಜನ ಕೂರುತ್ತಾರೆ, ನಿಜ. ಆದರೆ ಹೆಚ್ಚಿನವು ನಾಲ್ಕರಲ್ಲಿ ಒಂದನ್ನು ಒತ್ತುವ ಪ್ರಶ್ನೆಗಳು, ವಾರವಾರವೂ ಅವುಗಳ ಉತ್ತರ ಯೂಟ್ಯೂಬಿನಲ್ಲಿ ಪ್ರತ್ಯಕ್ಷ. ರೇಖೆ ಎಳೆದು ತೋರಿಸು ಎಂದು ಕೇಳುವವರು ಅಲ್ಲಿಯೂ ಕಡಿಮೆ. ಅರ್ಥಶಾಸ್ತ್ರಜ್ಞರ ‘ಕೋರ್’ ತಂಡದ ‘ದಿ ಎಕಾನಮಿ’ ಎಂಬ ಪುಕ್ಕಟೆ ಪಠ್ಯ ಇನ್ನೊಂದು ದಾರಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಕೈಜೋಡಿಸಿದ್ದ ಯೋಜನೆ ಅದು. ರೇಖೆಗಳಿಂದ ಶುರುವಾಗದೆ ಬಡತನ, ಸಿರಿತನಗಳ ಇತಿಹಾಸದಿಂದ ಶುರುವಾಗುತ್ತದೆ. ಓದಲು ಹೆಚ್ಚು ಸೊಗಸು. ಮಗಳು ಎರಡು ಅಧ್ಯಾಯಕ್ಕೆ ಕೈಬಿಟ್ಟಳು. ವಿಡಿಯೋದ ರುಚಿ ಹತ್ತಿದವರಿಗೆ ಪುಟ ಭಾರ.

14.01ರಲ್ಲಿ ನನಗೆ ಬಹಳ ಹಿಡಿಸಿದ್ದು ಕೊನೆಯ ಕಡೆಗೆ ಬರುವ ಆರೋಗ್ಯ ವಿಮೆಯ ಪಾಠ. ಮ್ಯಾಸಚೂಸೆಟ್ಸ್‌ನ 2006ರ ವಿಮಾ ಕಾನೂನು, ಒಬಾಮಾ ಕಾಲದ 2010ರ ಕಾನೂನು, ಎರಡರ ಹಿಂದೆಯೂ ಗ್ರೂಬರ್ ಅವರ ಲೆಕ್ಕಾಚಾರವಿತ್ತು. ಒಬಾಮಾ ಸಹಿ ಹಾಕಿ ವರ್ಷ ತುಂಬುವ ಮೊದಲೇ ನಡೆದ ತರಗತಿ ಇದು. ಅಲ್ಲಿಯವರೆಗೆ ಬೋರ್ಡಿನ ಮೇಲಿದ್ದ ರೇಖೆಗಳಿಗೆ ಇಲ್ಲಿ ಜೀವ ಬರುತ್ತದೆ. ಅವರ ಪಕ್ಷಪಾತವೂ ಕಾಣುತ್ತದೆ, ಕಾಣಲಿ ಬಿಡಿ. ಸ್ವಂತ ಜಗಳವಿರುವ ಮೇಷ್ಟ್ರ ಪಾಠಕ್ಕೆ ಬೇರೆಯೇ ಖಾರ.

ಬೆಲೆಗೆ ಕಟ್ಟುವ ಕನಿಷ್ಠ ಮಿತಿಗೆ ಅವರ ಉದಾಹರಣೆ ಕನಿಷ್ಠ ಕೂಲಿ. ಮಿತಿ ಸಮತೋಲನಕ್ಕಿಂತ ಮೇಲಿದ್ದರೆ ಕೆಲಸ ಕೇಳುವವರು ಹೆಚ್ಚು, ಕೊಡುವವರು ಕಡಿಮೆ. ಮಗಳು ಅಲ್ಲಿಗೆ ವಿಡಿಯೋ ನಿಲ್ಲಿಸಿ, “ನಮ್ಮ ರಾಗಿಗೂ ಇದೇನಾ?” ಅಂದಳು. 2024–25ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. ಕೂಲಿಯ ಚಿತ್ರದಲ್ಲಿ ಮಿಕ್ಕವರನ್ನು ಕೊಳ್ಳುವವರಿಲ್ಲ. ರಾಗಿಯಲ್ಲಿ ಮಿಕ್ಕದ್ದನ್ನು ಸರ್ಕಾರ ಕೊಳ್ಳುತ್ತದೆ, ಅದೂ ಒಬ್ಬ ರೈತನಿಂದ ಇಷ್ಟೇ ಕ್ವಿಂಟಾಲ್ ಎಂಬ ಮಿತಿ ಹಾಕಿ. ಹಾಗಾದರೆ ಮಿತಿ ದಾಟಿದ ಚೀಲಕ್ಕೆ ಯಾವ ಬೆಲೆ? ಅವಳು ಪೂರೈಕೆಯ ರೇಖೆಗೆ ಅಡ್ಡಲಾಗಿ ಒಂದು ಗೆರೆ ಎಳೆದಳು, ಅಳಿಸಿದಳು, ಖರೀದಿಯ ಮಿತಿ ಮುಗಿಯುವಲ್ಲಿ ಅದನ್ನು ಕೆಳಕ್ಕೆ ಮುರಿದು ಮತ್ತೆ ಎಳೆದಳು. ನನಗೆ ಸರಿ ಅನ್ನಿಸಿತು, ಖಾತ್ರಿಯಿಲ್ಲ. ನಾಳೆ ಕಾಲೇಜಿಗೆ ಒಯ್ದು ಮೇಡಂಗೆ ತೋರಿಸುತ್ತೇನೆ ಎಂದು ಹಾಳೆಯನ್ನು ಪುಸ್ತಕದೊಳಗೆ ಇಟ್ಟುಕೊಂಡಳು.