ತಕ್ಕಡಿ ಹೇಳದ್ದು, ಟೇಪು ಹೇಳುವುದು

ಆರೋಗ್ಯ ಶಿಬಿರಗಳಲ್ಲಿ ಇಂದಿಗೂ ನಮ್ಮನ್ನು ಮೊದಲು ತೂಕದ ಯಂತ್ರ ಹತ್ತಿಸುತ್ತಾರೆ, ಆಮೇಲೆ ಗೋಡೆಗೆ ಒರಗಿಸಿ ಎತ್ತರ ನೋಡುತ್ತಾರೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಚೀಟಿಯಲ್ಲಿ 'ಬಿಎಂಐ' ಬರೆಯುತ್ತಾರೆ. 25ರೊಳಗಿದ್ದರೆ 'ನಾರ್ಮಲ್'. ಹೃದಯದ ಮಟ್ಟಿಗೆ ಈ ಒಂದು ಪದ ನಮ್ಮವರಿಗೆ ಕೊಡುವುದು ಸುಳ್ಳು ನೆಮ್ಮದಿ ಎಂಬುದು ನನ್ನ ತಕರಾರು.

ಈ ಸೂತ್ರ 19ನೇ ಶತಮಾನದ ಬೆಲ್ಜಿಯಂ ಗಣಿತಜ್ಞ ಅಡಾಲ್ಫ್ ಕೆಟ್ಲೆಯದು. ಅವನು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು. ಯಾರ ಎದೆನೋವನ್ನೂ ಮುಂಗಾಣುವ ಉದ್ದೇಶ ಅವನಿಗಿರಲಿಲ್ಲ. ಮೈಯಲ್ಲಿ ಕೊಬ್ಬು ಎಷ್ಟಿದೆ, ಎಲ್ಲಿ ಕೂತಿದೆ ಎಂಬುದು ಈ ಸೂತ್ರಕ್ಕೆ ಕಾಣುವುದೇ ಇಲ್ಲ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯಡ್ಕಿನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ ಕೂಡ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2! ಸಣಕಲು ಕೈಕಾಲು, ಮುಂದೆ ಬಂದ ಹೊಟ್ಟೆ: ಇಂಥವರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಕರುಳು, ಪಿತ್ತಜನಕಾಂಗಗಳ ಸುತ್ತ ಅಡಗುವ ಈ ಕೊಬ್ಬೇ ರಕ್ತದ ಸಕ್ಕರೆ, ಜಿಡ್ಡುಗಳ ಲೆಕ್ಕ ತಪ್ಪಿಸುವುದು.

ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನದಲ್ಲೂ ಹೃದಯಾಘಾತದ ಸುಳಿವು ಕೊಡುವುದರಲ್ಲಿ ಬಿಎಂಐಗಿಂತ ಸೊಂಟ ಮತ್ತು ನಿತಂಬದ ಸುತ್ತಳತೆಯ ಅನುಪಾತವೇ ಮುಂದಿತ್ತು. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು ಎಂದು ವೈದ್ಯರು ಗೆರೆ ಎಳೆದಿದ್ದಾರೆ. ಕುಳ್ಳಗಿರುವವರಿಗೆ ಈ ಗೆರೆಯೂ ಸಡಿಲವೇ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ ಎಂಬ ಲೆಕ್ಕ ನನಗೆ ಹೆಚ್ಚು ಒಪ್ಪಿಗೆ. ಅದಕ್ಕೆ ಒಂದು ದಾರವೂ ಸಾಕು: ಎತ್ತರದಷ್ಟು ದಾರ ಕತ್ತರಿಸಿ ಎರಡಾಗಿ ಮಡಚಿ ಸೊಂಟಕ್ಕೆ ಸುತ್ತಿದರೆ ತುದಿಗಳು ಕೂಡಬೇಕು.

ಆದರೆ ಅಳೆಯುವುದರಲ್ಲೇ ನಾವು ಎಡವುತ್ತೇವೆ. 'ನನ್ನದು 34' ಎನ್ನುವವರು ಹೇಳುವುದು ಪ್ಯಾಂಟಿನ ಅಳತೆ. ಹೊಟ್ಟೆ ಬೆಳೆದಂತೆ ಬೆಲ್ಟು ಅದರ ಕೆಳಗೆ ಜಾರಿರುತ್ತದೆ, ಅಂಗಡಿಯ ಅಳತೆ ಹತ್ತು ವರ್ಷವಾದರೂ ಬದಲಾಗುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಟೇಪು ಹಿಡಿಯಬೇಕು. ಸರಿಯಾಗಿ ಅಳೆದರೂ ಬೀಡಿ ಸಿಗರೇಟು, ಬಿಪಿ, ಸಕ್ಕರೆ ಯಾವುದನ್ನೂ ಟೇಪು ಅರಿಯದು. ಬಿಪಿ, ಸಕ್ಕರೆಯ ಪರೀಕ್ಷೆಗಳು ಆಗಲೇಬೇಕು.

ಟೇಪಿಗೆ ಇನ್ನೂ ದೊಡ್ಡ ಕೊರತೆಯೊಂದಿದೆ. ಅದು ಮಾತಾಡುವುದು ಹೊಟ್ಟೆ ಬಂದ ಮೇಲೆ; ಅಪಾಯದ ಸುಳಿವು ಹುಟ್ಟಿನಲ್ಲೇ ಇರಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದರು. ಹೆರಿಗೆಯ ಹೊತ್ತಿಗೆ ಪುಸ್ತಕದಲ್ಲಿ ಬರೆದಿಟ್ಟ ತೂಕ, ಉದ್ದ, ತಲೆಯ ಸುತ್ತಳತೆ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಿತ್ತು. 1996ರಲ್ಲಿ ಪ್ರಕಟವಾದ ಈ ಅಧ್ಯಯನ ಸಣ್ಣದು, ನಿಜ. ಆದರೂ ತಾಯಿ ಕಾರ್ಡಿನಲ್ಲಿ ಬರೆಯುವ ಹುಟ್ಟುತೂಕವನ್ನು ಮಗು ನಲವತ್ತು ದಾಟಿದ ಮೇಲೆ ಕೇಳುವ ಒಂದು ಸಾಲು ಶಿಬಿರದ ಚೀಟಿಯಲ್ಲಿ ಇರಬೇಕು.