ಗೈರಾದವರ ಊರು: ಫರ್ಗ್ಯುಸನ್ ಪುರಸಭಾ ನ್ಯಾಯಾಲಯದ ವಾರಂಟುಗಳು

2007ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಫರ್ಗ್ಯುಸನ್ ಊರಿನಲ್ಲಿ ಒಬ್ಬ ಕಪ್ಪು ಮಹಿಳೆ ನಿಲ್ಲಿಸಬಾರದ ಜಾಗದಲ್ಲಿ ಕಾರು ನಿಲ್ಲಿಸಿದರು. ಎರಡು ಟಿಕೆಟ್ ಬಿದ್ದವು. ದಂಡ 151 ಡಾಲರ್, ಅದರ ಮೇಲೆ ಶುಲ್ಕ. ಕೈಯಲ್ಲಿ ಕಾಸಿಲ್ಲದ, ನಡುವೆ ಕೆಲವು ಕಾಲ ತಲೆಯ ಮೇಲೆ ಸೂರೂ ಇಲ್ಲದ ಬದುಕು ಆಕೆಯದು. 2010ರೊಳಗೆ, ವಿಚಾರಣೆಯ ದಿನ ಬರಲಿಲ್ಲ, ಕಂತು ಕಟ್ಟಬೇಕಾದ ದಿನ ಕಟ್ಟಲಿಲ್ಲ ಎಂದು ಆಕೆಯ ಮೇಲೆ ಏಳು ಬಾರಿ ‘ಗೈರುಹಾಜರಿ’ ಎಂಬ ಪ್ರತ್ಯೇಕ ಅಪರಾಧ ಹೊರಿಸಿದರು. ಪ್ರತಿ ಗೈರಿಗೂ ಹೊಸ ಬಂಧನ ವಾರಂಟ್, ಹೊಸ ದಂಡ, ಹೊಸ ಶುಲ್ಕ. ಎರಡು ಸಲ ಹಿಡಿದು ಒಳಗೆ ಹಾಕಿದರು. ಒಟ್ಟು ಆರು ದಿನ ಜೈಲು. ಒಮ್ಮೆ 25 ಡಾಲರ್, ಇನ್ನೊಮ್ಮೆ 50 ಡಾಲರ್ ಎಂದು ಆಕೆ ಕೈಲಾದಷ್ಟು ಕಟ್ಟಲು ಹೋದಾಗ, ಪೂರ್ತಿ ಬಾಕಿಯಲ್ಲದೆ ಬೇರೇನೂ ಬೇಡವೆಂದು ನ್ಯಾಯಾಲಯ ಆ ಹಣವನ್ನು ಮರಳಿಸಿತು. 2014ರ ಡಿಸೆಂಬರ್ ಹೊತ್ತಿಗೆ ಆಕೆ ಕಟ್ಟಿದ್ದು 550 ಡಾಲರ್. ಇನ್ನೂ ಉಳಿದ ಬಾಕಿ 541 ಡಾಲರ್.

ಈ ಲೆಕ್ಕ ಇರುವುದು 2015ರ ಮಾರ್ಚ್ 4ರಂದು ಅಮೆರಿಕದ ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗ ಹೊರತಂದ ವರದಿಯಲ್ಲಿ. 2014ರ ಆಗಸ್ಟ್ 9ರಂದು ಫರ್ಗ್ಯುಸನ್ನಿನ ಪೊಲೀಸ್ ಅಧಿಕಾರಿಯ ಗುಂಡಿಗೆ ಮೈಕೆಲ್ ಬ್ರೌನ್ ಎಂಬ ಹದಿನೆಂಟರ ಕಪ್ಪು ತರುಣ ಬಲಿಯಾದ. ಊರು ಬೀದಿಗಿಳಿಯಿತು, ಜಗತ್ತಿನ ಕ್ಯಾಮೆರಾಗಳೆಲ್ಲ ಅಲ್ಲಿ ಬಂದು ನಿಂತವು. ತನಿಖೆಗೆಂದು ಬಂದವರು ಪೊಲೀಸರ ಬಂದೂಕಿನ ಜೊತೆಗೆ ಪುರಸಭೆಯ ನ್ಯಾಯಾಲಯದ ಕಡತಗಳನ್ನೂ ಬಿಚ್ಚಿದರು. ಈ ವರದಿಯ ದೊಡ್ಡ ಗುಣ ಇದೇ. ಜನರ ಸಿಟ್ಟಿಗೆ ಒಂದು ಸಾವಷ್ಟೇ ಕಾರಣವಲ್ಲ, ವರ್ಷಗಟ್ಟಲೆ ಟಪಾಲಿನಲ್ಲಿ ಬರುತ್ತಿದ್ದ ನೋಟಿಸುಗಳೂ ಕಾರಣ ಎಂಬುದನ್ನು ಅದು ಅಂಕಿಗಳಲ್ಲಿ ತೋರಿಸಿತು. ಊರಿನ ಜನಸಂಖ್ಯೆ ಸುಮಾರು 21,000. ಆ ನ್ಯಾಯಾಲಯ ಹೊರಡಿಸಿ, ಇನ್ನೂ ಜಾರಿಯಲ್ಲಿದ್ದ ವಾರಂಟುಗಳು 16,000ಕ್ಕೂ ಹೆಚ್ಚು ಜನರ ಮೇಲೆ. ಅವರೆಲ್ಲ ಆ ಊರಿನವರೇ ಅಲ್ಲ, ಹಾದುಹೋಗುವಾಗ ಸಿಕ್ಕಿಬಿದ್ದ ಹೊರಗಿನವರೂ ಇದ್ದರು. ಆದರೂ ಒಂದು ಸಣ್ಣ ಪಟ್ಟಣ ಇಷ್ಟು ಜನರನ್ನು ಬೇಕಾದವರ ಪಟ್ಟಿಗೆ ಸೇರಿಸಿತ್ತು ಎಂದರೆ ನ್ಯಾಯಾಲಯ ಯಾವ ಕೆಲಸ ಮಾಡುತ್ತಿತ್ತು ಎಂದು ಕೇಳಲೇಬೇಕು.

ಕೇಳಿದರೆ ಉತ್ತರ ಬಜೆಟ್ಟಿನಲ್ಲಿ ಸಿಗುತ್ತದೆ. 2010ರಲ್ಲಿ ದಂಡ ಮತ್ತು ಶುಲ್ಕಗಳಿಂದ ಫರ್ಗ್ಯುಸನ್ನಿಗೆ ಬಂದದ್ದು 13.8 ಲಕ್ಷ ಡಾಲರ್. 2015ರ ಆರ್ಥಿಕ ವರ್ಷಕ್ಕೆ ಅದೇ ಬಾಬಿನಿಂದ 30.9 ಲಕ್ಷ ಡಾಲರ್ ಬರುತ್ತದೆಂದು ಊರು ಮೊದಲೇ ಬರೆದಿಟ್ಟುಕೊಂಡಿತ್ತು. ಒಟ್ಟು ಆದಾಯದ ಅಂದಾಜು 132.6 ಲಕ್ಷ. ಅಂದರೆ ಜನ ಇನ್ನೂ ಮಾಡದ ತಪ್ಪುಗಳ ಹಣವನ್ನು ಊರು ಮುಂದಿನ ವರ್ಷದ ಖರ್ಚಿಗೆ ಹಂಚಿಯಾಗಿತ್ತು. ಟಿಕೆಟ್ ಬರೆಯುವುದು ಹೆಚ್ಚದಿದ್ದರೆ ಮುಂದಿನ ವರ್ಷದ ವಸೂಲಿ ಕಷ್ಟ ಎಂದು ಹಣಕಾಸು ನಿರ್ದೇಶಕರು ಪೊಲೀಸ್ ಮುಖ್ಯಸ್ಥರಿಗೆ ಬರೆದ ಪತ್ರವೂ ತನಿಖೆಯಲ್ಲಿ ಹೊರಬಂತು. ನ್ಯಾಯಾಲಯದ ಸಿಬ್ಬಂದಿ ಲೆಕ್ಕ ಒಪ್ಪಿಸಬೇಕಾದದ್ದು ಇದೇ ಪೊಲೀಸ್ ಮುಖ್ಯಸ್ಥರಿಗೆ. ನ್ಯಾಯಾಧೀಶರು ಅರೆಕಾಲಿಕರು, ಅವರನ್ನು ನೇಮಿಸುವುದು ಊರಿನ ಕೌನ್ಸಿಲ್ಲು. ಇಂಥ ಏರ್ಪಾಟಿನಲ್ಲಿ ವಾರಂಟ್ ಎಂಬುದು ವಸೂಲಿಯ ಸಾಧನವಾಗದೆ ಇನ್ನೇನಾದೀತು? ಒಬ್ಬಿಬ್ಬರ ದುಷ್ಟತನವನ್ನಷ್ಟೇ ಹುಡುಕಿ ನಿಲ್ಲುವ ವಿಮರ್ಶೆ ಇಲ್ಲಿ ಸಾಲದು. ನ್ಯಾಯಪೀಠವನ್ನು ಖಜಾನೆಯ ಸೇವೆಗೆ ಕೂರಿಸಿದ್ದೇ ಮೂಲದ ತಪ್ಪು.

ಜನ ಯಾಕೆ ಗೈರಾಗುತ್ತಿದ್ದರು ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ, ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದೂ ಇಲ್ಲೇ. ತಿಂಗಳಿಗೆ ಮೂರು ನಾಲ್ಕು ದಿನ ಮಾತ್ರ ಕಲಾಪ. ಒಂದೊಂದು ದಿನ 500 ಜನರವರೆಗೆ ಬರುತ್ತಿದ್ದರು, ಸಭಾಂಗಣ ಹಿಡಿಸದೆ ಸಾಲು ಹೊರಗೆ ಬೀದಿಯಲ್ಲಿ ನಿಲ್ಲುತ್ತಿತ್ತು. ಪೊಲೀಸರು ಬರೆದ ಟಿಕೆಟ್ಟಿನಲ್ಲಿ ತಾರೀಖು ಅಥವಾ ವೇಳೆ ತಪ್ಪಾಗಿರುವುದು ಅಪರೂಪವಾಗಿರಲಿಲ್ಲ. ಫರ್ಗ್ಯುಸನ್ ಇರುವ ಸೇಂಟ್ ಲೂಯಿಸ್ ಸೀಮೆಯ ಬಡವರ ಪರವಾಗಿ ವಾದಿಸುವ ವಕೀಲರ ಸಂಸ್ಥೆ ಆರ್ಚ್‌ಸಿಟಿ ಡಿಫೆಂಡರ್ಸ್ 2014ರಲ್ಲಿ ತಾನು ಕಂಡದ್ದನ್ನು ಬರೆದಿದೆ: ನಿಗದಿತ ವೇಳೆಗೆ ಅರ್ಧ ಗಂಟೆ ಮೊದಲೇ ಕಲಾಪ ಶುರು ಮಾಡುವುದು, ವೇಳೆಯಾಗಿ ಐದು ನಿಮಿಷ ಕಳೆಯುವಷ್ಟರಲ್ಲಿ ಬಾಗಿಲಿಗೆ ಬೀಗ ಹಾಕುವುದು. ಮಗುವನ್ನು ಎತ್ತಿಕೊಂಡು ಬಂದವರನ್ನು ಕೆಲವು ಊರುಗಳ ನ್ಯಾಯಾಲಯಗಳು ಒಳಗೇ ಬಿಡುತ್ತಿರಲಿಲ್ಲ. ಕೂಸನ್ನು ನೋಡಿಕೊಳ್ಳಲು ಯಾರೂ ಇಲ್ಲದ ತಾಯಿ ಬಾಗಿಲವರೆಗೆ ಬಂದು ಹಿಂತಿರುಗಿದರೆ ಕಡತದಲ್ಲಿ ಆಕೆಯೂ ಗೈರು.

ಇದರ ಮೇಲೆ ಭಯ. ಕಟ್ಟಲು ಹಣವಿಲ್ಲದೆ ಹೋದರೆ ಅಲ್ಲೇ ಹಿಡಿದು ಹಾಕುತ್ತಾರೆ ಎಂದು ಜನ ನಂಬಿದ್ದರು. ವಾಸ್ತವವಾಗಿ, ಬಂದು ಮುಖ ತೋರಿಸಿ ಕಷ್ಟ ಹೇಳಿಕೊಂಡರೆ ಕಾಲಾವಕಾಶ ಸಿಗುವ ಸಾಧ್ಯತೆ ಇತ್ತು, ಬರದಿದ್ದರೆ ವಾರಂಟ್ ಖಚಿತ. ಆದರೆ ಅದನ್ನು ಜನರಿಗೆ ತಿಳಿಯುವ ಹಾಗೆ ಹೇಳುವವರು ಯಾರೂ ಇರಲಿಲ್ಲ. ವಾಹನದ ಟಿಕೆಟ್ಟಿಗೆ ಗೈರಾದರೆ ಚಾಲನಾ ಪರವಾನಗಿಯೂ ಅಮಾನತಾಗುತ್ತಿತ್ತು. ಬಸ್ಸು ವಿರಳವಾದ ಆ ಸೀಮೆಯಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗುವಂತಿಲ್ಲ. ಅಮಾನತಾದ ಪರವಾನಗಿಯಲ್ಲಿ ಓಡಿಸಿದರೆ ಇನ್ನೊಂದು ಟಿಕೆಟ್, ಇನ್ನೊಂದು ವಿಚಾರಣೆ. ಸೇಂಟ್ ಲೂಯಿಸ್ ಕೌಂಟಿಯೊಳಗೆ ಇಂಥ ಪುರಸಭಾ ನ್ಯಾಯಾಲಯಗಳೇ ಆಗ ಎಂಬತ್ತರಷ್ಟಿದ್ದವು. ಒಂದೂರಿನ ಜೈಲಿನಿಂದ ಬಿಟ್ಟವರನ್ನು ಪಕ್ಕದೂರಿನ ವಾರಂಟಿನ ಮೇಲೆ ಅಲ್ಲಿಯ ಪೊಲೀಸರು ಬಂದು ಕರೆದೊಯ್ಯುತ್ತಿದ್ದರು. ಒಂದೂರಿನಲ್ಲಿ ನ್ಯಾಯಾಧೀಶರಾದವರೇ ಇನ್ನೊಂದೂರಿನಲ್ಲಿ ಸರ್ಕಾರಿ ವಕೀಲರು. ನ್ಯಾಯ ಇಲಾಖೆಯ ವರದಿಯ ಕೊರತೆಯನ್ನು ಇಲ್ಲೇ ಹೇಳಬೇಕು: ಅದು ಹೆಸರಿಸಿದ್ದು ಒಂದೂರನ್ನು. ನೆರೆಯ ಊರುಗಳಲ್ಲೂ ಹೊಗೆಯಾಡುತ್ತಿದ್ದ ಇದೇ ಬೆಂಕಿ ಅದರ ಪುಟಗಳ ಅಂಚಿನಲ್ಲಷ್ಟೇ ಕಾಣುತ್ತದೆ.

ಊರಿನ ಅಧಿಕಾರಿಗಳು ತನಿಖೆಗಾರರ ಮುಂದೆ ಹೇಳಿದ ಸಮಜಾಯಿಷಿ ಕೇಳಿದರೆ ಮನಸ್ಸು ಕುದಿಯುತ್ತದೆ. ಕೆಲವು ವರ್ಗದ ಜನರಿಗೆ ವೈಯಕ್ತಿಕ ಜವಾಬ್ದಾರಿಯೇ ಇಲ್ಲ, ಅದಕ್ಕೇ ಈ ಗತಿ ಎಂದರು ಅವರು. ಯಾವ ವರ್ಗ ಎಂದು ಬಿಡಿಸಿ ಹೇಳಬೇಕಿಲ್ಲ. ಊರಿನ ಜನರಲ್ಲಿ ಕಪ್ಪು ಜನ ನೂರಕ್ಕೆ 67. ವಾರಂಟ್ ಹೊರಟ ಪ್ರಕರಣಗಳಲ್ಲಿ ನೂರಕ್ಕೆ 92. ಹೀಗೆ ಹೇಳಿದ ಅದೇ ವ್ಯವಸ್ಥೆಯಲ್ಲಿ ನ್ಯಾಯಾಧೀಶರು, ನ್ಯಾಯಾಲಯದ ಗುಮಾಸ್ತೆ, ಪೊಲೀಸ್ ಮೇಲಧಿಕಾರಿಗಳು ತಮ್ಮವರ, ಸ್ನೇಹಿತರ ಟಿಕೆಟ್ಟುಗಳನ್ನು ಸದ್ದಿಲ್ಲದೆ ರದ್ದು ಮಾಡಿಸಿಕೊಂಡದ್ದನ್ನು ವರದಿ ಪತ್ರಗಳ ಸಮೇತ ಬಯಲಿಗಿಟ್ಟಿತು. ಜವಾಬ್ದಾರಿಯ ಪಾಠ ಬಡವರಿಗೆ, ವಿನಾಯಿತಿ ಬಲ್ಲವರಿಗೆ.

ಬಾರದವರು ಬೇಕೆಂದೇ ಬಾರದವರು ಎಂಬ ಊಹೆಯೇ ಸುಳ್ಳು ಎನ್ನುವುದಕ್ಕೆ ಒಳ್ಳೆಯ ಪುರಾವೆ ನ್ಯೂಯಾರ್ಕಿನಿಂದ ಬಂತು. ಅಲ್ಲಿ ಸಣ್ಣಪುಟ್ಟ ಅಪರಾಧಗಳಿಗೆ ಕೊಡುವ ಸಮನ್ಸ್ ಚೀಟಿಯನ್ನು ಸಂಶೋಧಕರು ಹೊಸದಾಗಿ ರೂಪಿಸಿದರು. ಹಾಜರಾಗಬೇಕಾದ ತಾರೀಖು ಮತ್ತು ಜಾಗ ಮೇಲ್ಭಾಗದಲ್ಲಿ ಎದ್ದು ಕಾಣುವಂತೆ, ಬಾರದಿದ್ದರೆ ವಾರಂಟ್ ಹೊರಡುತ್ತದೆಂಬ ಮಾತು ನೇರವಾಗಿ ತಿಳಿಯುವಂತೆ. ಅಷ್ಟರಿಂದಲೇ ಗೈರು ಶೇಕಡ 13ರಷ್ಟು ಇಳಿಯಿತು. ಮೊಬೈಲಿಗೆ ನೆನಪಿನ ಸಂದೇಶ ಕಳಿಸಿದಾಗ ಶೇಕಡ 21ರಷ್ಟು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದಂತವೈದ್ಯರು ತಮ್ಮ ರೋಗಿಗೆ ಹಿಂದಿನ ದಿನ ಒಂದು ಸಂದೇಶ ಕಳಿಸುತ್ತಾರೆ. ಮನುಷ್ಯನ ಸ್ವಾತಂತ್ರ್ಯವನ್ನೇ ಕಸಿಯಬಲ್ಲ ನ್ಯಾಯಾಲಯಕ್ಕೆ ಅಷ್ಟೂ ಮಾಡಲು ಏನಡ್ಡಿ? ಅದೇ ನ್ಯೂಯಾರ್ಕಿನಲ್ಲಿ 2017ರ ಆಗಸ್ಟಿನಲ್ಲಿ ನಾಲ್ಕು ಜಿಲ್ಲೆಗಳ ಸರ್ಕಾರಿ ವಕೀಲರು ಹತ್ತು ವರ್ಷಕ್ಕೂ ಹಳೆಯದಾದ ಸುಮಾರು 6,44,000 ಸಮನ್ಸ್ ವಾರಂಟುಗಳನ್ನು ಕೈಬಿಡಿಸಿದರು.

ಹಾಗಾದರೆ ನ್ಯಾಯಾಲಯ ಕರೆದಾಗ ಬಾರದವರನ್ನು ಸುಮ್ಮನೆ ಬಿಡಬೇಕೆ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಕುಡಿದು ಗಾಡಿ ಓಡಿಸಿದವನು, ಹೆಂಡತಿಯನ್ನು ಹೊಡೆದವನು ಕರೆಗೆ ಓಗೊಡದೆ ತಿರುಗುತ್ತಿದ್ದರೆ ಅವನನ್ನು ಹಿಡಿದು ತರುವ ಅಧಿಕಾರ ನ್ಯಾಯಪೀಠಕ್ಕೆ ಇರಲೇಬೇಕು. ಇಲ್ಲದಿದ್ದರೆ ನೊಂದವರಿಗೆ ನ್ಯಾಯವೆಲ್ಲಿ? ಆದರೆ ಫರ್ಗ್ಯುಸನ್ನಿನ ವಾರಂಟುಗಳ ಬಹುಪಾಲು ಪಾರ್ಕಿಂಗ್, ಸಂಚಾರ ನಿಯಮ, ಮನೆ-ಅಂಗಳದ ನಿಯಮಗಳ ಉಲ್ಲಂಘನೆಯಿಂದ ಹುಟ್ಟಿದವು. ಮೂಲ ತಪ್ಪಿಗೇ ಜೈಲು ಅತಿಯಾದ ಶಿಕ್ಷೆ ಎನಿಸುವಾಗ ಆ ತಪ್ಪಿನ ವಿಚಾರಣೆಗೆ ಬಾರದ್ದಕ್ಕೆ ಜೈಲು ಎಂಬುದು ಯಾವ ತಕ್ಕಡಿಯಲ್ಲೂ ತೂಗುವುದಿಲ್ಲ.

ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಬಹಳ ಹಿಂದೆಯೇ ಹೇಳಿದೆ. 1983ರ ಬೇರ್ಡನ್ ಪ್ರಕರಣದಲ್ಲಿ, ದಂಡ ಕಟ್ಟದವನನ್ನು ಜೈಲಿಗೆ ಕಳಿಸುವ ಮೊದಲು ಅವನಿಗೆ ಕಟ್ಟುವ ಶಕ್ತಿ ಇತ್ತೇ, ಇದ್ದೂ ಬೇಕೆಂದೇ ಕಟ್ಟಲಿಲ್ಲವೇ ಎಂದು ವಿಚಾರಿಸಲೇಬೇಕು ಎಂದಿತು. ಮೂರು ದಶಕದ ನಂತರವೂ ಫರ್ಗ್ಯುಸನ್ನಿನಲ್ಲಿ ಆ ಪ್ರಶ್ನೆ ಕೇಳುವ ರೂಢಿ ಇರಲಿಲ್ಲ. 2016ರ ಯೂಟಾ ವಿರುದ್ಧ ಸ್ಟ್ರೀಫ್ ತೀರ್ಪು ವಾರಂಟಿನ ಕೈಯನ್ನು ಇನ್ನಷ್ಟು ಬಲಪಡಿಸಿತು. ಪೊಲೀಸರು ಕಾನೂನುಬಾಹಿರವಾಗಿ ಒಬ್ಬನನ್ನು ತಡೆದು ನಿಲ್ಲಿಸಿದ್ದರೂ, ಆಮೇಲೆ ಅವನ ಮೇಲೊಂದು ಸಂಚಾರ ವಾರಂಟ್ ಇರುವುದು ಗೊತ್ತಾಗಿ ಹಿಡಿದು ಶೋಧಿಸಿದರೆ, ಸಿಕ್ಕಿದ ಸಾಕ್ಷ್ಯ ನಡೆಯುತ್ತದೆ ಎಂದು ಬಹುಮತ ಹೇಳಿತು. ನ್ಯಾಯಮೂರ್ತಿ ಸೋನಿಯಾ ಸೊಟೊಮಯರ್ ತಮ್ಮ ಭಿನ್ನಮತದಲ್ಲಿ ಫರ್ಗ್ಯುಸನ್ನಿನ ಆ 16,000ವನ್ನೇ ಎತ್ತಿ ತೋರಿಸಿದರು. ನನ್ನ ಮಟ್ಟಿಗೆ ಬಹುಮತಕ್ಕಿಂತ ಆ ಭಿನ್ನಮತ ಬೀದಿಯ ನಿಜಕ್ಕೆ ಹತ್ತಿರ. ಊರಿಗೆ ಊರೇ ವಾರಂಟಿನಡಿ ಇರುವಾಗ ಯಾರನ್ನು ಬೇಕಾದರೂ ತಡೆಯಲು ಪೊಲೀಸರಿಗೆ ಅದೇ ಪರವಾನಗಿ.

ಭಾರತದಲ್ಲಿ ನಮ್ಮ ಸುಪ್ರೀಂ ಕೋರ್ಟು 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲಿ ಮೊದಲು ಸಮನ್ಸ್ ಅಥವಾ ಜಾಮೀನು ಸಿಗುವ ವಾರಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಜಾಮೀನುರಹಿತ ವಾರಂಟ್ ಎಂಬ ಕ್ರಮವನ್ನು ಸ್ಪಷ್ಟಪಡಿಸಿದೆ. ಮಾತು ಒಂದೇ: ಬಲಪ್ರಯೋಗ ಕೊನೆಯ ಮೆಟ್ಟಿಲು. ಫರ್ಗ್ಯುಸನ್ನಿನ ಕತೆ ನಮಗೆ ದೂರದ್ದೂ ಅಲ್ಲ: ಅಮೆರಿಕದಲ್ಲಿ ಓದುವ, ದುಡಿಯುವ ಕನ್ನಡದ ಮಕ್ಕಳೂ ಈ ಪುರಸಭಾ ನ್ಯಾಯಾಲಯಗಳ ವ್ಯಾಪ್ತಿಯಲ್ಲೇ ಕಾರು ಓಡಿಸುತ್ತಾರೆ. ವೀಸಾ ಅರ್ಜಿಯಲ್ಲಿ ಹಿಂದೆ ಎಂದಾದರೂ ಬಂಧನವಾಗಿತ್ತೇ ಎಂಬ ಪ್ರಶ್ನೆ ಇದೆ. ಮನೆ ಬದಲಿಸಿದಾಗ ಹಳೆಯ ವಿಳಾಸಕ್ಕೆ ಹೋದ ಒಂದು ನೋಟಿಸು ಅವರಿಗೂ ದುಬಾರಿಯಾದೀತು.

ಬಯಲಾದ ಮೇಲೆ ಸುಧಾರಣೆ ಬಂತು, ಅದನ್ನು ಮನಸಾರೆ ಮೆಚ್ಚಬೇಕು. 2014ರ ಸೆಪ್ಟೆಂಬರಿನಲ್ಲೇ ಫರ್ಗ್ಯುಸನ್ ತನ್ನ ಗೈರುಹಾಜರಿ ಅಪರಾಧದ ನಿಯಮವನ್ನು ತೆಗೆದುಹಾಕಿತು. ವರದಿ ಬಂದ ವಾರದೊಳಗೆ ಹಳೆಯ ನ್ಯಾಯಾಧೀಶರು ರಾಜೀನಾಮೆ ಕೊಟ್ಟರು. ಹೊಸದಾಗಿ ಬಂದ ನ್ಯಾಯಾಧೀಶ ಡೊನಾಲ್ಡ್ ಮೆಕಲಿನ್ 2015ರ ಆಗಸ್ಟಿನಲ್ಲಿ, 2014ರ ಡಿಸೆಂಬರ್ 31ಕ್ಕೆ ಮೊದಲಿನ ಎಲ್ಲ ಬಂಧನ ವಾರಂಟುಗಳನ್ನು ಹಿಂತೆಗೆದುಕೊಂಡರು. ಅದೇ ವರ್ಷ ಮಿಸೌರಿ ಶಾಸನಸಭೆ ಸಣ್ಣ ಸಂಚಾರ ಅಪರಾಧಗಳಿಗೆ ಜೈಲು ಬೇಡವೆಂದಿತು, ಸಂಚಾರ ದಂಡದಿಂದ ಊರೊಂದು ಗಳಿಸಬಹುದಾದ ಪಾಲನ್ನು ಶೇಕಡ 30ರಿಂದ 20ಕ್ಕೆ ಇಳಿಸಿತು. ಸೇಂಟ್ ಲೂಯಿಸ್ ಕೌಂಟಿಗೆಂದೇ ಹಾಕಿದ್ದ ಇನ್ನೂ ಬಿಗಿಯಾದ ಶೇಕಡ 12.5ರ ಮಿತಿಯನ್ನು ಮಾತ್ರ ರಾಜ್ಯದ ಸುಪ್ರೀಂ ಕೋರ್ಟು 2017ರಲ್ಲಿ ರದ್ದು ಮಾಡಿತು.

ಆದರೂ ಈ ಸುಧಾರಣೆ ಅರ್ಧವೇ. ಹಣಕ್ಕೆ ಮಿತಿ ಹಾಕಿದರು. ದಂಡದ ಹಣವನ್ನು ಆ ಊರಿನ ಖಜಾನೆಯಿಂದ ಪೂರ್ತಿ ಬೇರ್ಪಡಿಸಲಿಲ್ಲ. ನೂರರಲ್ಲಿ ಇಪ್ಪತ್ತು ಬರಬಹುದೆಂದು ಗೊತ್ತಿದ್ದರೆ ಆ ಇಪ್ಪತ್ತನ್ನು ತುಂಬಿಸುವ ಒತ್ತಡ ನ್ಯಾಯಾಲಯದ ಮೇಲೆ ಉಳಿದೇ ಉಳಿಯುತ್ತದೆ. ಬಾಗಿಲು ತೆರೆದಿಡುವುದು, ಮಗುವಿನೊಂದಿಗೆ ಬಂದವರನ್ನು ಒಳಗೆ ಕೂರಿಸುವುದು, ಹಿಂದಿನ ದಿನ ಸಂದೇಶ ಕಳಿಸುವುದು, ಬಾರದವರಿಗೆ ಎರಡನೆಯ ತಾರೀಖು ಕೊಡುವುದು, ಕೈಲಾದಷ್ಟು ತಂದ 25 ಡಾಲರನ್ನು ರಸೀದಿ ಕೊಟ್ಟು ತೆಗೆದುಕೊಳ್ಳುವುದು: ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಇಷ್ಟೆಲ್ಲ ಮಾಡಿದ ಮೇಲೂ ಬೇಕೆಂದೇ ತಪ್ಪಿಸಿಕೊಳ್ಳುವವನ ಮೇಲೆ ವಾರಂಟ್ ಹೊರಡಲಿ, ಯಾರೂ ಬೇಡವೆನ್ನುವುದಿಲ್ಲ.

ದಂಡ ಕಟ್ಟಲಾಗದೆ ಫರ್ಗ್ಯುಸನ್ನಿನ ಜೈಲು ಕಂಡವರ ಪರವಾಗಿ 2015ರಲ್ಲಿ ಹೂಡಿದ ದಾವೆ ಒಂಬತ್ತು ವರ್ಷ ನಡೆಯಿತು. 2024ರಲ್ಲಿ ಊರು 45 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಹಂಚಿಕೊಳ್ಳಬೇಕಾದವರು 15,000ಕ್ಕೂ ಹೆಚ್ಚು. ವಕೀಲರ ಶುಲ್ಕ ಕಳೆಯದೆ ಲೆಕ್ಕ ಹಾಕಿದರೂ ತಲೆಗೆ 300 ಡಾಲರ್ ದಾಟುವುದಿಲ್ಲ.